ವಿಯೆಟ್ನಾಮಿನ ‘ಟೆಟ್’ ಅಂದರೆ ಏನರ್ಥ?

ಪೆರ್ಲದ ಕೃಷಿಕ:
ಫೆಬ್ರವರಿ ಹೊತ್ತಿಗೆ ಒಳ್ಳೆಮೆಣಸಿನ (ಕರಿಮೆಣಸಿನ) ರೇಟು ಕೇಳಿದರೆ, ಅಂಗಡಿಯವರು ‘ವಿಯೆಟ್ನಾಮಿನಲ್ಲಿ ಟೆಟ್ ರಜೆ, ಸ್ವಲ್ಪ ಕಾಯಿರಿ’ ಅನ್ನುತ್ತಾರೆ. ಹೊಸವರ್ಷದ ಹಬ್ಬ ಅಂತ ಗೊತ್ತು. ಆದರೆ ಸೆಪ್ಟೆಂಬರ್ ಹೊತ್ತಿಗೆ ‘ಟೆಟ್ ಚುಂಗ್ ಥು’ ಅಂತಲೂ ಒಂದು ಬರುತ್ತದಂತೆ. ವರ್ಷಕ್ಕೆ ಎರಡು ಹೊಸವರ್ಷವಾ? ಆ ಶಬ್ದದ ಅರ್ಥ ಏನು?

ಕುಂಬಳೆ:
ನಮ್ಮ ಯುಗಾದಿಯ ಹಾಗೆ ಚಂದ್ರನ ಲೆಕ್ಕ. 2026ರಲ್ಲಿ ಫೆಬ್ರವರಿ 17ಕ್ಕೆ ಬಂದಿತ್ತು. ಶಬ್ದದ ಅರ್ಥ ತಿಳಿದವರು ಹೇಳಲಿ.

ಬದಿಯಡ್ಕದವ:
ಅಣ್ಣಾ, ಟೆಟ್ ಅಂದರೆ ಬರೀ ‘ಹಬ್ಬ’. ಹೊಸವರ್ಷದ ಪೂರ್ತಿ ಹೆಸರು ‘ಟೆಟ್ ಙುಯೆನ್ ದಾನ್’. ಙುಯೆನ್ ಅಂದರೆ ಮೊದಲು, ದಾನ್ ಅಂದರೆ ಬೆಳಗು. ವರ್ಷದ ಮೊದಲ ಬೆಳಗಿನ ಹಬ್ಬ. ದೊಡ್ಡ ಹಬ್ಬ ಅದೇ ಆದ್ದರಿಂದ ಸುಮ್ನೆ ಟೆಟ್ ಅಂದರೂ ಸಾಕು. ಚುಂಗ್ ಥು ಅಂದರೆ ನಡು ಶರತ್ಕಾಲ. ಅವರ ಎಂಟನೇ ತಿಂಗಳ ಹುಣ್ಣಿಮೆ, ಮಕ್ಕಳು ಲಾಟೀನು ಹಿಡಿದು ಹೊರಡುವ ಹಬ್ಬ.

ನಾನು ಸಿಂಗಾಪುರದಲ್ಲಿದ್ದಾಗ ರೂಮಿನಲ್ಲಿ ಹನೋಯಿಯ ಹುಡುಗನೊಬ್ಬ ಇದ್ದ. ಒಂದು ರಾತ್ರಿ ಕ್ಯಾಲೆಂಡರಿನ ಹಿಂದೆ ಒಂದು ಚೀನೀ ಅಕ್ಷರ ಬರೆದು ತೋರಿಸಿದ. ಟೆಟ್ ಹುಟ್ಟಿದ್ದು ಅದರಿಂದಂತೆ. ಅಕ್ಷರದ ತಲೆಯ ಮೇಲೆ ಎರಡು ಪುಟ್ಟ ಗೆರೆಗೊಂಚಲು. ‘ಇದು ಬಿದಿರು’ ಅಂದ. ಆ ಅಕ್ಷರಕ್ಕೆ ಮೊದಲಿದ್ದ ಅರ್ಥ ಬಿದಿರಿನ ಗೆಣ್ಣು! ಆಮೇಲೆ ಋತುಗಳ ಸಂಧಿ, ಆಮೇಲೆ ಹಬ್ಬ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ‘ಪರ್ವ’ವೂ ಹಾಗೇ ಅಲ್ವಾ? ಸಂಸ್ಕೃತದಲ್ಲಿ ಪರ್ವ ಅಂದರೆ ಬಿದಿರು, ಕಬ್ಬಿನ ಗೆಣ್ಣು. ಹಬ್ಬವೂ ಹೌದು. ನಾವು ಮನೆಯಲ್ಲಿ ಹೇಳುವ ತುಳುವಿನ ‘ಪರ್ಬ’, ಕನ್ನಡದ ‘ಹಬ್ಬ’ ಎರಡೂ ಅದರಿಂದ ಬಂದವು. ಎಲ್ಲಿಯ ಹನೋಯಿ, ಎಲ್ಲಿಯ ಬದಿಯಡ್ಕ!

ಮಂಜೇಶ್ವರದ ಟೀಚರ್:
ಮಹಾಭಾರತದ 18 ಪರ್ವಗಳೂ ಇದೇ ಗೆಣ್ಣುಗಳು. ಮಕ್ಕಳಿಗೆ ಕಬ್ಬಿನ ತುಂಡು ಕೈಗೆ ಕೊಟ್ಟೇ ಇದನ್ನು ಹೇಳುತ್ತೇನೆ. ಬೇಗ ತಲೆಗೆ ಹೋಗುತ್ತದೆ.

ಪೆರ್ಲದ ಕೃಷಿಕ:
ಬಹಳ ಸಂತೋಷವಾಯಿತು. ಹಬ್ಬಕ್ಕೆ ಅವರು ಏನು ಮಾಡುತ್ತಾರೆ?

ಬದಿಯಡ್ಕದವ:
ಬಾನ್ ಚುಂಗ್. ಅಂಟಕ್ಕಿಯ ನಡುವೆ ಹೆಸರುಬೇಳೆ, ಹಂದಿಮಾಂಸ ಇಟ್ಟು, ಹಸಿರೆಲೆಯಲ್ಲಿ ಚೌಕಾಕಾರಕ್ಕೆ ಸುತ್ತಿ, ಬಿದಿರ ಸೀಳಿನಿಂದ ಕಟ್ಟುತ್ತಾರೆ. ಆಮೇಲೆ ಹತ್ತು ಗಂಟೆ ಹೊತ್ತು ನೀರಲ್ಲಿ ಬೇಯಬೇಕು. ರಾತ್ರಿಯಿಡೀ ಮನೆಯವರು ಒಲೆಯ ಸುತ್ತ ಕೂತಿರುತ್ತಾರಂತೆ. ನನಗೆ ಅಂತ ಆ ಹನೋಯಿಯ ಹುಡುಗ ಬರೀ ಬೇಳೆ ಹಾಕಿ ಒಂದು ಮಾಡಿದ್ದ. ಎಲೆ ಬಿಡಿಸಿದಾಗ ಅಕ್ಕಿಗೆ ಹಸಿರು ಬಣ್ಣ ಹತ್ತಿತ್ತು. ಪರಿಮಳ ನಾವು ಬಾಳೆಎಲೆಯಲ್ಲಿ ಸುತ್ತಿ ಬೇಯಿಸುವ ‘ಕೊಟ್ಟಿಗೆ’ ತಿಂಡಿಯದ್ದೇ.