ಸಲಿಂಗಿಯೆಂದು ತಿಳಿದೂ ಸೇರಿಸಿಕೊಳ್ಳುವ ಇಗರ್ಜಿ ಕಾಸರಗೋಡು–ಮಂಗಳೂರಿನ ನಡುವೆ ಇದೆಯೇ?

ಗಡಿನಾಡಿಗ (ಪ್ರಶ್ನೆ):

ನಾನು ಕುಂಬಳೆ ಸಮೀಪದ ಕೊಂಕಣಿ ಕಥೋಲಿಕ ಮನೆತನದವನು. ಪ್ರಾಯ ಮೂವತ್ತು ದಾಟಿದೆ. ಉದ್ಯೋಗ ಮಂಗಳೂರಿನಲ್ಲಿ, ಓಡಾಟ ರೈಲಿನಲ್ಲಿ. ಶಾಲೆಗೆ ಹೋಗುವಾಗ ಬಲಿಪೀಠದ ಸೇವೆ ಮಾಡಿದವನು, ಕಾಲೇಜಿನ ದಿನಗಳಲ್ಲಿ ಗಾಯನ ಮಂಡಳಿಯಲ್ಲಿ ಹಾಡಿದವನು. ಸಲಿಂಗಿ ಎಂಬ ಸಂಗತಿ ಮನೆಯಲ್ಲಿ ತಂಗಿಗೊಬ್ಬಳಿಗೆ ಗೊತ್ತು. ಇಗರ್ಜಿಯನ್ನು ನಾನು ಜಗಳವಾಡಿ ಬಿಟ್ಟವನಲ್ಲ. ಪ್ರಬೋಧನೆಯ ನಡುವೆ ಸುಮ್ಮನೆ ಎಂಬಂತೆ ಬಂದುಹೋಗುತ್ತಿದ್ದ ಒಂದೆರಡು ಕುಹಕದ ಮಾತು, ಪೂಜೆ ಮುಗಿದು ಅಂಗಳಕ್ಕೆ ಬಂದರೆ ಹಿರಿಯರು ಕೇಳುತ್ತಿದ್ದ "ನಿನ್ನ ರೋಸ್ ಯಾವಾಗ?" ಎಂಬ ಪ್ರಶ್ನೆ (ರೋಸ್ ಎಂದರೆ ನಮ್ಮಲ್ಲಿ ಮದುವೆಯ ಮುನ್ನಾದಿನದ ಶಾಸ್ತ್ರ), ಇವೆಲ್ಲ ಸೇರಿ ಮೊದಲು ಗಾಯನ ಮಂಡಳಿ ತಪ್ಪಿತು, ಆಮೇಲೆ ಭಾನುವಾರಗಳೂ ತಪ್ಪಿದವು.

ಈಗ ಮರಳಬೇಕೆಂಬ ಆಸೆ ಬಲವಾಗಿದೆ. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತು ಯಾರಿಗೂ ಕಾಣದಂತೆ ಹೊರಟು ಬರುವುದಕ್ಕಾಗಿ ನಾನು ಮರಳಬೇಕಾಗಿಲ್ಲ. ಇಗರ್ಜಿ ಕಥೋಲಿಕವೇ ಆಗಬೇಕೆಂಬ ಹಟವೂ ಇಲ್ಲ. ಸಲಿಂಗಿಗಳನ್ನು ಗೊತ್ತಿದ್ದೂ ಸೇರಿಸಿಕೊಳ್ಳುವ ಇಗರ್ಜಿ ಅಥವಾ ಸಭೆ ನಮ್ಮ ಕಡೆ ಇದೆಯೇ, ಇದ್ದರೆ ನನ್ನ ಗುಟ್ಟು ರಟ್ಟಾಗದಂತೆ ಅದನ್ನು ಮೊದಲೇ ತಿಳಿಯುವ ದಾರಿ ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮಂಜೇಶ್ವರದ ಟೀಚರ್:

ಹಾಗೆಂದು ಬಹಿರಂಗವಾಗಿ ಹೇಳಿಕೊಂಡಿರುವ ಧರ್ಮಕೇಂದ್ರವನ್ನು ನಾನು ಈ ಕಡೆ ಕಂಡಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವುದು ಸರಿಯಲ್ಲ. ನಾನು ಬಹುಕಾಲ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವಳಾದ್ದರಿಂದ ಅಲ್ಲಿರುವುದನ್ನು ಇದ್ದಂತೆ ಹೇಳುತ್ತೇನೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2357ನೆಯ ಪರಿಚ್ಛೇದ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ. ಅದರ ಮರುಪರಿಚ್ಛೇದವೇ ಇಂಥವರನ್ನು ಗೌರವ, ಅನುಕಂಪ ಮತ್ತು ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯ ಸಲ್ಲದು ಎನ್ನುತ್ತದೆ. ನಮ್ಮಲ್ಲಿ ಮೊದಲನೆಯದನ್ನು ಓದಿದವರು ಎರಡನೆಯದರ ಹೊತ್ತಿಗೆ ಪುಸ್ತಕ ಮುಚ್ಚಿಬಿಡುತ್ತಾರೆ. 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಹೊರಡಿಸಿದ "ಫಿದೂಚಿಯಾ ಸುಪ್ಲಿಕಾನ್ಸ್" ಪತ್ರವು ಸಲಿಂಗ ಜೋಡಿಗಳು ಕೇಳಿಕೊಂಡರೆ ಗುರುಗಳು (ಫಾದರ್) ಸರಳವಾಗಿ ಆಶೀರ್ವದಿಸಬಹುದು ಎಂದಿತು. ಅದು ವಿವಾಹವಲ್ಲ, ಅದಕ್ಕೆ ಪೂಜಾವಿಧಿಯ ರೂಪವಿಲ್ಲ. ಹತ್ತು ಹದಿನೈದು ಸೆಕೆಂಡಿನ ಪ್ರಾರ್ಥನೆ ಸಾಕೆಂದು ಮುಂದಿನ ತಿಂಗಳೇ ವಿವರಣೆಯೂ ಬಂತು. ಅಷ್ಟಕ್ಕೇ ಆಫ್ರಿಕಾದ ಬಿಷಪರು ತಮ್ಮಲ್ಲಿ ಇದು ಬೇಡವೆಂದರು. ಆದ್ದರಿಂದ ಈ ಪತ್ರವನ್ನು ತೋರಿಸಿ ಯಾವ ಗುರುಗಳನ್ನೂ ಕಟ್ಟಿಹಾಕಲಾಗದು. ಅವರ ಮನಸ್ಸು ಎತ್ತ ಇದೆಯೆಂದು ತಿಳಿಯಲು ಮಾತ್ರ ಅದರ ಪ್ರಸ್ತಾಪ ಉಪಯುಕ್ತ.

ಇನ್ನೊಂದು ಸ್ಥಳೀಯ ಸಂಗತಿ. ಜಿಲ್ಲೆ ಕೇರಳಕ್ಕೆ ಸೇರಿದ್ದರೂ ನಮ್ಮ ಕೊಂಕಣಿ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲಿವೆ, ಗುರುಗಳು ಅಲ್ಲಿಂದಲೇ ವರ್ಗವಾಗಿ ಬರುತ್ತಾರೆ, ಹೋಗುತ್ತಾರೆ. ಒಬ್ಬರು ಸಹೃದಯರಾದ ಫಾದರ್ ಸಿಕ್ಕಿದರೆಂದು ನೀವು ನೆಲೆಯೂರುವಷ್ಟರಲ್ಲಿ ಅವರ ವರ್ಗಾವಣೆಯ ಪಟ್ಟಿ ಬಂದಿರುತ್ತದೆ. ಆಗ ನಿಮ್ಮ ಬೆನ್ನಿಗೆ ಉಳಿಯುವವರು ಗುರಿಕಾರರು (ವಾರ್ಡಿನ ಮುಖಂಡರು), ಗಾಯನ ಮಂಡಳಿಯವರು, ಪಾಲನಾ ಪರಿಷತ್ತಿನ ಒಬ್ಬಿಬ್ಬರು. ಗುರುಗಳನ್ನು ಹುಡುಕುವಷ್ಟೇ ಎಚ್ಚರದಿಂದ ಇವರನ್ನೂ ಹುಡುಕಿ.

ಗುಟ್ಟಿನ ವಿಷಯ: ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಆದರೆ ಗುರುನಿವಾಸದ ಜಗಲಿಯಲ್ಲಿ ಚಹಾ ಕುಡಿಯುತ್ತಾ ಹೇಳಿದ ಮಾತಿಗೆ ಆ ಕಟ್ಟುಪಾಡಿಲ್ಲ. ಮೊದಲ ಮಾತುಕತೆಯನ್ನು ಊರಿನವರಲ್ಲದ ಗುರುಗಳೊಂದಿಗೆ, ಮಂಗಳೂರಿನಲ್ಲಿಯೇ, ನಡೆಸುವುದು ಕ್ಷೇಮ.

ವಿಶ್ವಾಸಿ:

ಬೈಬಲ್ಲಿನಲ್ಲಿ ಸ್ಪಷ್ಟವಾಗಿ ನಿಷೇಧಿಸಿದ್ದನ್ನು ಒಪ್ಪುವ ಸಭೆಯನ್ನು ಹುಡುಕುವ ಬದಲು, ಯಾವುದಾದರೂ ಒಳ್ಳೆಯ ಧ್ಯಾನಕೂಟಕ್ಕೆ ಹೋಗಿ ಬಿಡುಗಡೆಗಾಗಿ ಪ್ರಾರ್ಥಿಸಿರಿ. ದೇವರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ.

ಬಾಸೆಲ್ ಮಿಷನ್ ಮೊಮ್ಮಗ:

ಮೇಲಿನ ಸಹೋದರರ ಕಾಳಜಿ ಪ್ರಾಮಾಣಿಕವೇ ಇರಬಹುದು, ಆದರೆ ಆ ದಾರಿಯಲ್ಲಿ ನಡೆದವರ ಗತಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪ್ರಾರ್ಥನೆ ಮತ್ತು ಆಪ್ತಸಲಹೆಯಿಂದ ಸಲಿಂಗಿಗಳನ್ನು ಬದಲಾಯಿಸುತ್ತೇವೆಂದು ಅಮೆರಿಕದಲ್ಲಿ ದಶಕಗಳ ಕಾಲ ದುಡಿದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ 2013ರಲ್ಲಿ ಬಾಗಿಲು ಮುಚ್ಚಿತು. ಅದರ ಅಧ್ಯಕ್ಷರೇ ನೊಂದವರ ಕ್ಷಮೆ ಕೇಳಿದರು. ನಮ್ಮಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ "ಚಿಕಿತ್ಸೆ"ಯ ವಿರುದ್ಧ ಆದೇಶ ನೀಡಿತು, ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ಸಾರಿತು. ವೈದ್ಯರು ಮಾಡಬಾರದೆಂದು ಆಯೋಗವೇ ಹೇಳಿದ್ದನ್ನು ಧ್ಯಾನಕೂಟದಲ್ಲಿ ಮಾಡಿದರೆ ಅದು ಒಳ್ಳೆಯದಾಗಿಬಿಡುವುದಿಲ್ಲ. ಯಾವುದೇ ಸಭೆಯಲ್ಲಿ ನಿಮ್ಮನ್ನು ಆದರದಿಂದ ಕೂರಿಸಿಕೊಂಡು, ನಾಲ್ಕನೆಯ ಮಾತಿಗೆ "ಬಿಡುಗಡೆಯ ಪ್ರಾರ್ಥನೆ" ಎಂಬ ಸೊಲ್ಲು ಬಂದರೆ, ನಯವಾಗಿ ಎದ್ದು ಬನ್ನಿ.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಸಭೆ) ಬಗ್ಗೆ: ಇಲ್ಲಿಯೂ ಸಲಿಂಗ ವಿವಾಹ ನಡೆಸುವುದಿಲ್ಲ, ಬಹುಪಾಲು ಸಭಿಕರು ಸಂಪ್ರದಾಯಸ್ಥರು. ಆದರೆ ಒಂದು ವ್ಯತ್ಯಾಸವಿದೆ. ಸಿಎಸ್‌ಐಯೂ ಸದಸ್ಯನಾಗಿರುವ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಭಾರತ ಕ್ರೈಸ್ತ ಸಭೆಗಳ ರಾಷ್ಟ್ರೀಯ ಮಂಡಳಿ (ಎನ್‌ಸಿಸಿಐ) ಲಿಂಗ ಮತ್ತು ಲೈಂಗಿಕ ವೈವಿಧ್ಯದ ಕುರಿತು ಹಲವು ವರ್ಷಗಳಿಂದ ಸಮಾಲೋಚನೆ ನಡೆಸುತ್ತ ಬಂದಿದೆ, ಅದಕ್ಕಾಗಿ ಪ್ರತ್ಯೇಕ ವೇದಿಕೆಯನ್ನೂ ಕಟ್ಟಿದೆ. ದೇವಜ್ಞಾನ ಕಾಲೇಜಿನಿಂದ ಈಚೆಗೆ ಬಂದ ತರುಣ ಸಭಾಪಾಲಕರಲ್ಲಿ ಕೆಲವರಿಗೆ ಈ ಚರ್ಚೆ ಹೊಸದಲ್ಲ. ನಾನು ಕೊಡುವ ಸಲಹೆಯೇನೆಂದರೆ, ನಿಮ್ಮ ಸುದ್ದಿ ಎತ್ತದೆ, ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಐಥಿಯೋಪ್ಯದ ಕಂಚುಕಿಯ (ಪುರುಷತ್ವ ತೆಗೆಸಲ್ಪಟ್ಟ ಅರಮನೆ ಅಧಿಕಾರಿಯ) ಪ್ರಸಂಗದ ಬಗ್ಗೆ ಸಭಾಪಾಲಕರ ಅಭಿಪ್ರಾಯ ಕೇಳಿ. "ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನು?" ಎಂದು ಅವನು ಕೇಳಿದಾಗ ಫಿಲಿಪ್ಪನು ಅಡ್ಡಿಗಳ ಪಟ್ಟಿ ತೆಗೆಯಲಿಲ್ಲ, ಇಬ್ಬರೂ ನೀರಿಗಿಳಿದರು. ಬೈಬಲ್ಲಿನ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ಪ್ರಕಾರ ಅಂಥವನು ಕರ್ತನ ಸಭೆಯೊಳಗೆ ಸೇರಬಾರದಿತ್ತು ಎಂಬುದನ್ನು ನೆನಪಿಟ್ಟು ಓದಿದರೆ ಆ ಪ್ರಸಂಗದ ತೂಕ ತಿಳಿಯುತ್ತದೆ. ಇದಕ್ಕೆ ಸಭಾಪಾಲಕರು ಕೊಡುವ ಉತ್ತರದಿಂದ ಉಳಿದದ್ದನ್ನು ನೀವೇ ಅಂದಾಜು ಮಾಡಬಹುದು.

ಬದಿಯಡ್ಕದಿಂದ ಮುಂಬಯಿಗೆ:

ಇಲ್ಲಿಗೆ ಬಂದ ಮೇಲೆ ನಾನೂ ಇದನ್ನೇ ಹುಡುಕಿದವನು. ಮುಂಬಯಿಯಲ್ಲಿ ಸಲಿಂಗಿ ಕಥೋಲಿಕರ ಗುಂಪುಗಳಿವೆ. ಪ್ರಪಂಚದ ಇಂಥ ಹಲವು ಗುಂಪುಗಳು ಸೇರಿ 2015ರಲ್ಲಿ ರೋಮಿನಲ್ಲಿ ಒಂದು ಜಾಲವನ್ನೂ ಕಟ್ಟಿಕೊಂಡವು. 2013ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಇಲ್ಲಿನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರು ಸಲಿಂಗಿಗಳನ್ನು ಅಪರಾಧಿಗಳೆಂದು ಧರ್ಮಸಭೆ ಎಂದೂ ಎಣಿಸಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಐದು ವರ್ಷದ ಬಳಿಕ ಕಾನೂನೇ ಬದಲಾಯಿತು. ವಿವಾಹದ ಮಾನ್ಯತೆ ಮಾತ್ರ 2023ರ ತೀರ್ಪಿನಲ್ಲೂ ದೊರೆಯಲಿಲ್ಲ.

ಅನುಭವದಿಂದ ಹೇಳಬಹುದಾದದ್ದು ಇಷ್ಟು. "ಎಲ್ಲರಿಗೂ ಸ್ವಾಗತ" ಎನ್ನದ ಇಗರ್ಜಿಯೇ ಇಲ್ಲ; ಆ ಸ್ವಾಗತ ಎಲ್ಲಿಯವರೆಗೆ ಎಂಬುದನ್ನು ಕೇಳಬೇಕು. ಗೊತ್ತಾದ ಮೇಲೂ ಪರಮಪ್ರಸಾದ ಕೊಡುವಿರಾ, ವಾಚನ ಓದಲು ಕರೆಯುವಿರಾ, ಗಾಯನ ಮಂಡಳಿಯಲ್ಲಿ ಉಳಿಸಿಕೊಳ್ಳುವಿರಾ, ಇಬ್ಬರು ಗಂಡಸರು ಒಂದಾಗಿ ಬಾಳುವ ಮನೆಯನ್ನು ಮಂತ್ರಿಸಲು ಬರುವಿರಾ, ಇಬ್ಬರಲ್ಲೊಬ್ಬ ತೀರಿಕೊಂಡರೆ ಇನ್ನೊಬ್ಬನನ್ನು ಶವಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಲು ಬಿಡುವಿರಾ? ನಾನು ಈಗ ಹೋಗುವ ಇಗರ್ಜಿಯಲ್ಲಿ ಮೊದಲ ಮೂರಕ್ಕೆ ಹೌದೆಂಬ ಉತ್ತರ ಸಿಕ್ಕಿದೆ, ನಾಲ್ಕನೆಯದಕ್ಕೆ ಫಾದರ್ ನಕ್ಕು "ಕರೆದು ನೋಡಿ" ಎಂದಿದ್ದಾರೆ, ಕೊನೆಯದನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಇಷ್ಟು ಸಾಲದು ಎನ್ನುವವರಿಗೆ ಮೆಟ್ರೊಪಾಲಿಟನ್ ಕಮ್ಯೂನಿಟಿ ಚರ್ಚ್ ಇದೆ. 1968ರಲ್ಲಿ ಟ್ರಾಯ್ ಪೆರಿ ಎಂಬವರು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸಲಿಂಗಿಗಳಿಗಾಗಿಯೇ ಆರಂಭಿಸಿದ ಈ ಸಭೆಯ ಆರಾಧನೆಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ಆದರೆ ಫೋನಿನ ಪರದೆಯಲ್ಲಿ ಮಾತೆ ಮರಿಯಮ್ಮನ ಮೊಂತಿ ಹಬ್ಬದ ಹೊಸ ತೆನೆಯನ್ನು ಯಾರೂ ಕೈಗೆ ಕೊಡುವುದಿಲ್ಲವಲ್ಲ.

ಗಡಿನಾಡಿಗ:

ಎಲ್ಲರಿಗೂ ಕೃತಜ್ಞತೆಗಳು. ಟೀಚರ್ ಹೇಳಿದಂತೆ ಮಂಗಳೂರಿನಲ್ಲಿಯೇ ಮೊದಲ ಮಾತು ಆಡುತ್ತೇನೆ. ಕಂಚುಕಿಯ ಪ್ರಶ್ನೆಯನ್ನು ಫಾದರ್ ಮುಂದೆಯೂ ಇಡಬಹುದೆಂದು ತೋರುತ್ತದೆ. ಒಂದು ಸಂದೇಹ ಉಳಿದಿದೆ. ಬೇರೆ ಧರ್ಮಕೇಂದ್ರದ ಗಾಯನ ಮಂಡಳಿಗೆ ಸೇರಬೇಕಾದರೆ ನಮ್ಮ ಇಗರ್ಜಿಯಿಂದ ಪತ್ರ ತರಬೇಕಾಗುತ್ತದೆಯೇ?

ಮಂಜೇಶ್ವರದ ಟೀಚರ್:

ಹಾಡುವುದಕ್ಕೆ ಯಾರೂ ಪತ್ರ ಕೇಳುವುದನ್ನು ನಾನು ನೋಡಿಲ್ಲ. ಪತ್ರದ ಮಾತು ಬರುವುದು ಮದುವೆಗೆ, ಇಲ್ಲವೇ ಕುಟುಂಬದ ಹೆಸರನ್ನು ಅಲ್ಲಿಗೆ ವರ್ಗಾಯಿಸುವಾಗ. ಅಭ್ಯಾಸದ ದಿನ ಯಾವುದೆಂದು ಮಂಡಳಿಯ ಮುಖ್ಯಸ್ಥರನ್ನು ವಿಚಾರಿಸಿ ನೇರವಾಗಿ ಹೋಗಿ; ಗಂಡಸರ ದನಿಗೆ ಎಲ್ಲ ಮಂಡಳಿಗಳಲ್ಲೂ ಬರಗಾಲವೇ ಇದೆ.