ಹೊಂದಾಣಿಕೆಯೋ, ಹೊಂದಿಕೆಯೋ, ಕೂರುವುದೋ? ಮನೆಯಲ್ಲೇ ಜೋಡಿಸುವ ಕಂಪ್ಯೂಟರಿಗಾಗಿ ಒಂದು ಪದಪ್ರಶ್ನೆ

ಗೆಳೆಯರೇ,

ತಂಗಿಯ ಮಗ ಪಿಯುಸಿ ಮುಗಿಸಿದ್ದಾನೆ. ಕೈಯಾರೆ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಬೇಕೆಂಬುದು ಅವನ ಬಹುದಿನದ ಆಸೆ. ಮಾನಿಟರ್ ಸೇರಿ ಖರ್ಚು 45,000 ರೂಪಾಯಿ ದಾಟಬಾರದೆಂದು ಮನೆಯಲ್ಲಿ ಗೆರೆ ಎಳೆದಿದ್ದಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಯಾವ ಭಾಗ ಯಾವುದಕ್ಕೆ ಆಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದ. ಸಂತೋಷದಿಂದ ಕುಳಿತು ನಾಲ್ಕು ಪುಟ ಬರೆದೆ. ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್ (ಕ್ರಮವಾಗಿ ಲೆಕ್ಕ ಹಾಕುವ ಚಿಪ್ಪು, ಭಾಗಗಳೆಲ್ಲ ಬಂದು ಸೇರುವ ಮುಖ್ಯ ಹಲಗೆ, ತಾತ್ಕಾಲಿಕ ನೆನಪಿನ ಕಡ್ಡಿ) ಇವನ್ನೆಲ್ಲ ಇದ್ದಂತೆಯೇ ಇಟ್ಟುಕೊಂಡೆ. ಅಂಗಡಿಯಲ್ಲಿ ಕೇಳಬೇಕಾದ ಹೆಸರುಗಳು ಅವು, ಎರವಲಾಗಿ ಬಂದರೂ ಕನ್ನಡಕ್ಕೆ ಅದರಿಂದ ನಷ್ಟವಿಲ್ಲ. ತೊಡಕಾದದ್ದು ಒಂದು ಭಾಗಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಹೇಳುವ ಮಾತಿನಲ್ಲಿ.

‘ಕಂಪ್ಯಾಟಿಬಿಲಿಟಿ’ಗೆ ಎಲ್ಲರೂ ಬರೆಯುವಂತೆ ನಾನೂ ‘ಹೊಂದಾಣಿಕೆ’ ಎಂದು ಬರೆದಿದ್ದೆ: ‘ರ್‍ಯಾಮ್ ಕೊಳ್ಳುವ ಮೊದಲು ಬೋರ್ಡಿನೊಂದಿಗೆ ಅದರ ಹೊಂದಾಣಿಕೆಯನ್ನು ಗಮನಿಸಬೇಕು.’ ಹುಡುಗ ಓದಿ ಕೇಳಿದ: ‘ಗೆಳೆಯನ ಹತ್ತಿರ ಹಿಂದಿನ ಪೀಳಿಗೆಯ ಡಿಡಿಆರ್4 ರ್‍ಯಾಮ್ ಇದೆ, ಸುಮ್ಮನೆ ಕೊಡುತ್ತಾನೆ. ನಾನು ನೋಡಿರುವ ಬೋರ್ಡು ಅದರ ನಂತರದ ಪೀಳಿಗೆಯ ಡಿಡಿಆರ್5ರದು. ಸ್ವಲ್ಪ ಹೊಂದಾಣಿಕೆ ಮಾಡಿಕೊಂಡರೆ ನಡೆಯುವುದಿಲ್ಲವೇ?’

ಅವನು ಓದಿದ್ದರಲ್ಲಿ ತಪ್ಪಿಲ್ಲ. ನಾನು ಆರಿಸಿದ ಪದವೇ ಅವನಿಗೆ ಹಾಗೆ ಹೇಳಿತು. ಇಂದಿನ ಬಳಕೆಯನ್ನು ನೋಡಿ. ಚುನಾವಣೆ ಬಂದಾಗ ಪತ್ರಿಕೆಗಳಲ್ಲಿ ಪಕ್ಷಗಳ ‘ಸೀಟು ಹೊಂದಾಣಿಕೆ’. ಮದುವೆಯಾಗಿ ಹೊರಟ ಹೆಣ್ಣುಮಗಳಿಗೆ ‘ಹೊಂದಾಣಿಕೆ ಮಾಡಿಕೊಂಡು ಹೋಗಮ್ಮ’ ಎಂಬ ಬುದ್ಧಿಮಾತು. ಎರಡು ಕಡೆಯೂ ಅಡಗಿರುವ ಅರ್ಥ ಒಂದೇ: ಸರಿಯಾಗಿ ಕೂಡಿಬರದಿದ್ದರೂ ಯಾರಾದರೊಬ್ಬರು ಬಗ್ಗಿ, ಬಿಟ್ಟುಕೊಟ್ಟು, ಕೆಲಸ ಸಾಗಿಸುವುದು. ರ್‍ಯಾಮ್ ಬಗ್ಗುವ ವಸ್ತುವಲ್ಲ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ನುಗಳು, ದೂರದಿಂದ ನೋಡಿದರೆ ಅವಳಿ ಮಕ್ಕಳಂತೆ. ಆದರೆ ಅಂಚಿನಲ್ಲಿರುವ ಕಚ್ಚು ಒಂದರಲ್ಲಿದ್ದ ಜಾಗದಲ್ಲಿ ಇನ್ನೊಂದರಲ್ಲಿಲ್ಲ. ಒತ್ತಾಯದಿಂದ ತುರುಕಿದರೆ ಮುರಿಯುವುದೇ ಸರಿ. ಬಿಟ್ಟುಕೊಡುವುದಕ್ಕೆ ಎಡೆಯೇ ಇಲ್ಲದ ಕಡೆ, ಬಿಟ್ಟುಕೊಡುವುದನ್ನೇ ಸೂಚಿಸುವ ಪದವನ್ನು ಬಳಸುತ್ತಿದ್ದೇವೆ. ಕಡಿಮೆ ಹಣದಲ್ಲಿ ಕೊಳ್ಳುವವರಿಗೆ ಇದು ಬರೀ ಪದದ ಮಾತಲ್ಲ. ತಪ್ಪು ಭಾಗ ತಂದವರಿಗೆ ಇನ್ನೊಂದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ.

ಹಾಗಾದರೆ ‘ಹೊಂದಿಕೆ’? ಹಳಗನ್ನಡದ ‘ಪೊಂದು’ ಧಾತುವಿನಿಂದಲೇ ಬಂದದ್ದು. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ನಾವೆಲ್ಲ ಕಂಡ ‘ಹೊಂದಿಸಿ ಬರೆಯಿರಿ’ ಇದರ ಬಳಗದ್ದೇ. ಅಲ್ಲಿ ರಾಜಿಯ ಸೋಂಕಿಲ್ಲ: ‘ಅ’ ಪಟ್ಟಿಯ ಒಂದಕ್ಕೆ ‘ಬ’ ಪಟ್ಟಿಯಲ್ಲಿ ಸರಿಯಾದದ್ದು ಒಂದೇ, ಉಳಿದವೆಲ್ಲ ತಪ್ಪು. ಈ ಖಚಿತತೆಯೇ ನನಗೆ ಬೇಕಿರುವುದು. ಆದರೂ ‘ಹೊಂದಿಕೊಂಡು ಹೋಗು’ ಎಂಬ ಮಾತಿನ ನೆರಳು ಇದರ ಮೇಲೂ ಬೀಳುತ್ತದೆಯೇ ಎಂಬ ಅಳುಕು ಪೂರ್ತಿ ಹೋಗಿಲ್ಲ.

ಇನ್ನು ಅಂಗಡಿಗಳಲ್ಲಿ ಕೇಳುವ ಪದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಮಾರುವವರು ಹೊಂದಾಣಿಕೆ, ಹೊಂದಿಕೆ ಎರಡನ್ನೂ ಹೇಳುವುದಿಲ್ಲ. ‘ಇದಕ್ಕೆ ಅದು ಕೂರುತ್ತದೆ’, ‘ಇದಕ್ಕೆ ಕೂರುವುದಿಲ್ಲ’ ಎನ್ನುತ್ತಾರೆ. ಬಡಗಿ ಬಾಗಿಲನ್ನು ಚೌಕಟ್ಟಿಗೆ ಕೂರಿಸುವಾಗ, ಮೆಕ್ಯಾನಿಕ್ ಬಾವಿಗೆ ಪಂಪು ಕೂರಿಸುವಾಗ ಬಳಸುವುದೂ ಇದನ್ನೇ. ನನಗೆ ಬಹಳ ಹಿಡಿಸಿದ್ದು ಇದರ ಚತುರ್ಥಿ ವಿಭಕ್ತಿ. ‘ಅದು ಇದಕ್ಕೆ ಕೂರುತ್ತದೆ’ ಎಂದಾಗ ದಿಕ್ಕು ತಾನಾಗಿ ಗೊತ್ತಾಗುತ್ತದೆ. 244 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಮೈಕ್ರೋ ಎಟಿಎಕ್ಸ್ ಎಂಬ ಅಳತೆಯ ಬೋರ್ಡು ದೊಡ್ಡ ಎಟಿಎಕ್ಸ್ ಅಳತೆಯ ಪೆಟ್ಟಿಗೆಗೆ (ಕ್ಯಾಬಿನೆಟ್ಟಿಗೆ) ಸುಖವಾಗಿ ಕೂರುತ್ತದೆ. 305 ಮಿಲಿಮೀಟರ್ ಉದ್ದದ ಎಟಿಎಕ್ಸ್ ಬೋರ್ಡು ಚಿಕ್ಕ ಪೆಟ್ಟಿಗೆಗೆ ಕೂರುವುದಿಲ್ಲ. ‘ಇವೆರಡರ ನಡುವೆ ಹೊಂದಾಣಿಕೆ ಇದೆ’ ಎಂದು ಬರೆದರೆ ಈ ಒಮ್ಮುಖ ಕಾಣೆಯಾಗುತ್ತದೆ.

ಆದರೆ ‘ಕೂರು’ ಒಂದನ್ನೇ ನಂಬುವಂತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಯಂತ್ರಕ್ಕೆ ಬೋರ್ಡಿನ ಕಂಡಿಗೇ ಸಿಕ್ಕಿಸುವ ಎಂ.2 ಮಾದರಿಯ, ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಕೊಂಡಿದ್ದೆ. ‘ಕೂರುತ್ತದೆಯೇ?’ ಎಂದು ಕೇಳಿದೆ, ಕೂರುತ್ತದೆ ಎಂದರು, ಕೂತಿತು ಕೂಡ. ಕಂಪ್ಯೂಟರಿಗೆ ಮಾತ್ರ ಅದು ಕಾಣಲೇ ಇಲ್ಲ. ನನ್ನ ಬೋರ್ಡಿನ ಆ ಕಂಡಿ ಎನ್‌ವಿಎಂಇ ಮಾತ್ರ ಬಲ್ಲದು, ನಾನು ತಂದದ್ದು ಸಾಟಾ; ಮಾಹಿತಿ ಸಾಗಿಸುವ ಎರಡು ಬೇರೆ ಬೇರೆ ಪದ್ಧತಿಗಳಿವು. ಆಕಾರ ಒಂದೇ, ಆಡುವ ಭಾಷೆ ಬೇರೆ. ಹಾಗೆಯೇ 2018ರ ಬಿ450 ಬೋರ್ಡಿನ ಎಎಂ4 ಸಾಕೆಟ್ಟಿಗೆ (ಪ್ರೊಸೆಸರ್ ಇಡುವ ಗೂಡಿಗೆ) 2021ರ ರೈಜನ್ 5 5600ಜಿ ಪ್ರೊಸೆಸರ್ ಚೆನ್ನಾಗಿ ಕೂರುತ್ತದೆ; ಆದರೆ ಯಂತ್ರವನ್ನು ಎಬ್ಬಿಸುವ ಬೋರ್ಡಿನ ತಂತ್ರಾಂಶವಾದ ಬಯಾಸ್ ಹಳೆಯದಾಗಿದ್ದರೆ ಯಂತ್ರ ಏಳುವುದಿಲ್ಲ.

ಇಲ್ಲಿಗೆ ಬಂದಾಗ ನನಗೊಂದು ಹೊಳೆಯಿತು. ‘ಕಂಪ್ಯಾಟಿಬಿಲಿಟಿ’ ಎಂಬ ಎರವಲು ಪದ ಒಂದೇ ಮುಷ್ಟಿಯಲ್ಲಿ ಹಿಡಿದಿರುವ ಎರಡು ಸಂಗತಿಗಳನ್ನು ಕನ್ನಡ ಬಿಡಿಸಿ ಹೇಳಬಲ್ಲದು. ಮೈಗೆ ಮೈ ಸೇರುವುದು ‘ಕೂರುವುದು’. ಸೇರಿದ ಮೇಲೆ ಕೂಡಿ ದುಡಿಯುವುದು ‘ಹೊಂದುವುದು’. ‘ಈ ಎಸ್‌ಎಸ್‌ಡಿ ಕೂರುತ್ತದೆ, ಆದರೆ ಹೊಂದುವುದಿಲ್ಲ’ ಎಂದು ಬರೆದು ಹುಡುಗನಿಗೆ ತೋರಿಸಿದೆ. ವಿವರಣೆಯೇ ಬೇಡವಾಯಿತು. ಎರಡನ್ನೂ ಹೀಗೆ ಪಾರಿಭಾಷಿಕವಾಗಿ ಹಂಚಿಕೊಳ್ಳಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬಿಡಿಭಾಗಗಳ ಪಟ್ಟಿ ಹಿಡಿದು ಒಂದೊಂದನ್ನೂ ಇನ್ನೊಂದರ ಎದುರು ಇಟ್ಟು ಪರೀಕ್ಷಿಸುತ್ತಿದ್ದಾಗ ಪಕ್ಕದಲ್ಲಿದ್ದ ನಮ್ಮ ತಾಯಿ ‘ಸಾಲಾವಳಿ ನೋಡುತ್ತಿದ್ದೀರೇನು?’ ಎಂದರು. ಕೊಳ್ಳುವ ಮೊದಲೇ ಕುಳಿತು ತಾಳೆ ನೋಡುವ ಆ ಕ್ರಿಯೆಗೆ ಎಷ್ಟು ಒಪ್ಪುವ ಪದ! ಅದನ್ನೇ ಇಟ್ಟುಕೊಳ್ಳಲು ಮನಸ್ಸಾಗಿತ್ತು. ಆದರೆ ಸಾಲಾವಳಿಯಲ್ಲಿ 36 ಗುಣಗಳಿಗೆ 18 ಬಂದರೂ ಸಾಕೆನ್ನುತ್ತಾರೆ. ಇಲ್ಲಿ ಸಾಕೆಟ್ಟು, ರ್‍ಯಾಮು, ಪೆಟ್ಟಿಗೆಯ ಅಳತೆ, ಇವುಗಳಲ್ಲಿ ಒಂದು ತಪ್ಪಿದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಸದ್ಯಕ್ಕೆ ‘ತಾಳೆ ನೋಡು’ ಎಂದೇ ಬರೆದಿದ್ದೇನೆ.

ಇನ್ನೊಂದು ಚಿಕ್ಕ ಪ್ರಶ್ನೆ. ಒಂದು ನಿಧಾನದ ಭಾಗ ಉಳಿದೆಲ್ಲ ಭಾಗಗಳ ವೇಗವನ್ನೂ ತಡೆಹಿಡಿಯುವುದಕ್ಕೆ ‘ಬಾಟಲ್‌ನೆಕ್’ ಎನ್ನುತ್ತಾರೆ. ‘ಸೀಸೆಯ ಕುತ್ತಿಗೆ’ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ‘ತೂಬು’ ಎಂದರೆ ಹೇಗೆ? ಕೆರೆ ಎಷ್ಟೇ ತುಂಬಿರಲಿ, ಗದ್ದೆಗೆ ಹರಿಯುವುದು ತೂಬಿನಗಲದಷ್ಟೇ ನೀರು. ‘ರ್‍ಯಾಮ್ ಒಂದೇ ಕಡ್ಡಿ ಹಾಕಿದರೆ ಈ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸಿಗೆ ಅದೇ ತೂಬಾಗುತ್ತದೆ, 8 ಜಿಬಿಯ ಎರಡು ಕಡ್ಡಿ ಹಾಕು’ ಎಂದು ಬರೆದೆ. ನನ್ನ ಅನುಮಾನ ಇಷ್ಟೇ: ತೂಬನ್ನು ನೀರು ಮಿತವಾಗಿ ಹರಿಯಲೆಂದು ಬೇಕೆಂದೇ ಇಡುತ್ತಾರೆ, ಇದಾದರೋ ಯಾರಿಗೂ ಬೇಡದ ತಡೆ. ಕೆರೆ ನೀರಾವರಿಯ ಊರಿನವರು, ಹೂಳು ಕಟ್ಟಿ ಕಿರಿದಾದ ತೂಬಿಗೆ ಅಥವಾ ಕಾಲುವೆ ಇಕ್ಕಟ್ಟಾಗುವ ಜಾಗಕ್ಕೆ ನಿಮ್ಮಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

‘ಕೂರು’ ಮತ್ತು ‘ಹೊಂದು’ ಇವುಗಳ ನಡುವೆ ನಾನು ಎಳೆದಿರುವ ಗೆರೆ ನಿಮ್ಮ ಕಡೆಯ ಮಾತಿನಲ್ಲೂ ನಿಲ್ಲುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ಮತ್ತು ಕರಾವಳಿಯವರು ಹೇಳಿದರೆ ಬಹಳ ಉಪಕಾರ. ಬರುವ ಶನಿವಾರ ಹುಡುಗನೊಂದಿಗೆ ಅಂಗಡಿಗೆ ಹೊರಡುತ್ತಿದ್ದೇನೆ. ಅಷ್ಟರೊಳಗೆ ಆ ನಾಲ್ಕು ಪುಟಗಳನ್ನು ತಿದ್ದಿ ಅವನ ಕೈಗಿಡಬೇಕು.