ಫಿನ್ನಿಶ್: ‘ಅಂಗಡಿಗೆ’ ಅನ್ನುವಾಗ ಎರಡು ಪಕಾರ ಯಾಕೆ ಉಳಿಯುತ್ತವೆ?

ಪ್ರಶ್ನೆ:
ನಮಸ್ಕಾರ. ಫಿನ್ನಿಶ್‌ನ ಇಲ್ಲೇಟಿವ್ ವಿಭಕ್ತಿಯಲ್ಲಿ, ಅಂದರೆ ಯಾವುದಾದರೂ ಒಂದರ ಒಳಕ್ಕೆ ಹೋಗುವುದನ್ನು ಹೇಳುವಾಗ, ಸಿಕ್ಕಿಕೊಂಡಿದ್ದೇನೆ. ‘ಕೌಪ್ಪ’ ಅಂದರೆ ಅಂಗಡಿ. ‘ಕೌಪನ್’ ಅಂದರೆ ಅಂಗಡಿಯ, ‘ಕೌಪಸ್ಸ’ ಅಂದರೆ ಅಂಗಡಿಯಲ್ಲಿ. ಎರಡರಲ್ಲೂ ಒಂದು ಪಕಾರ ಬಿದ್ದುಹೋಗುತ್ತದೆ. ಹಾಗಾದರೆ ಅಂಗಡಿಗೆ ಅನ್ನಲು ‘ಕೌಪಾನ್’ ಆಗಬೇಕಲ್ವಾ? ಪುಸ್ತಕದಲ್ಲಿ ‘ಕೌಪ್ಪಾನ್’ ಅಂತಿದೆ. ಸುಮ್ನೆ ಬಾಯಿಪಾಠ ಮಾಡಬೇಕಾ?

ಉತ್ತರ:
ಬೇಡ, ಇದಕ್ಕೆ ಚೆಂದದ ಕಾರಣ ಇದೆ. ಉಚ್ಚಾರದ ಒಂದು ತುಂಡು ವ್ಯಂಜನದಲ್ಲಿ ಮುಗಿದರೆ, ಆ ತುಂಡಿನ ಮೊದಲಿನ ‘ಪ್ಪ’ ಸಡಿಲವಾಗಿ ‘ಪ’ ಆಗುತ್ತದೆ. ‘ಕೌ-ಪನ್’, ‘ಕೌ-ಪಸ್-ಸ’ ಎರಡೂ ಹಾಗೇ ಆದವು. ‘ಕೌಪ್ಪಾನ್’ ಹಿಂದೆ ‘ಕೌಪ್ಪಹನ್’ ಆಗಿತ್ತು. ‘ಕೌಪ್-ಪ-ಹನ್’ ಅಂತ ಒಡೆದು ನೋಡಿ. ನಡುವಿನ ‘ಪ’ ಸ್ವರದಲ್ಲೇ ಮುಗಿಯುತ್ತದೆ, ಹಾಗಾಗಿ ಸಡಿಲವಾಗುವ ಪ್ರಶ್ನೆಯೇ ಇಲ್ಲ. ಆಮೇಲೆ ಹಕಾರ ಸವೆದು ಎರಡು ಸ್ವರ ಕೂಡಿಕೊಂಡವು. ಜೋಡಿ ಪಕಾರ ಮಾತ್ರ ಹಾಗೇ ನಿಂತಿತು. ಆ ಹಕಾರ ಇವತ್ತಿಗೂ ಚಿಕ್ಕ ಪದಗಳಲ್ಲಿ ಕೇಳುತ್ತದೆ: ‘ಮಾ’ ಅಂದರೆ ನೆಲ, ದೇಶ, ಅದರ ಒಳಕ್ಕೆ ಅಂದರೆ ‘ಮಾಹನ್’. ಹಳೆಯ ಜನಪದ ಹಾಡುಗಳಲ್ಲಂತೂ ಇಂಥ ರೂಪಗಳು ಜಾಸ್ತಿ.

ಪ್ರಶ್ನೆ:
ತುಂಬಾ ಥ್ಯಾಂಕ್ಸ್! ತುರ್ಕು ಊರಿನ ‘ತುರುಸ್ಸ’ (ತುರ್ಕುವಿನಲ್ಲಿ), ‘ತುರ್ಕೂನ್’ (ತುರ್ಕುಗೆ) ಕೂಡ ಈಗ ಅರ್ಥವಾದವು. ಆದರೆ ಊರುಗಳಲ್ಲಿ ಇನ್ನೊಂದು ತೊಡಕು. ಎಸ್ಪೋಗೆ ‘ಎಸ್ಪೋಸೇನ್’, ತಂಪೆರೆಗೆ ‘ತಂಪೆರೇಲ್ಲೆ’. ಯಾಕೆ ಹೀಗೆ?

ಉತ್ತರ:
ಎಸ್ಪೋ ಸುಲಭ. ಒಂದಕ್ಕಿಂತ ಹೆಚ್ಚು ತುಂಡಿನ ಪದ ದೀರ್ಘ ಸ್ವರದಲ್ಲಿ ಮುಗಿದರೆ ‘ಸೇನ್’ ಸೇರುತ್ತದೆ. ತಂಪೆರೆಯದು ಇಲ್ಲೇಟಿವ್ ಅಲ್ಲವೇ ಅಲ್ಲ. ‘ಲ್ಲೆ’ ಬೇರೆ ವಿಭಕ್ತಿ, ಮೇಲಕ್ಕೆ ಅಥವಾ ಹತ್ತಿರಕ್ಕೆ ಅನ್ನಲು ಬರುವುದು. ಎಸ್ಪೋ ಪಕ್ಕದ ವಂತಾ ಕೂಡ ‘ವಂತಾಲ್ಲೆ’. ಊರಿನ ಹೆಸರುಗಳನ್ನು ಬಳಕೆಯಿಂದಲೇ ಕಲಿಯಬೇಕು. ಹೊಸ ಊರಿನ ಹೆಸರು ಬರೆದುಕೊಳ್ಳುವಾಗ ‘ಗೆ’ ರೂಪವನ್ನೂ ಪಕ್ಕದಲ್ಲೇ ಬರೆದಿಡಿ.

ಇನ್ನೊಬ್ಬರ ಉತ್ತರ:
ಹಂಗೇರಿಯನ್‌ನಲ್ಲೂ ಇದೇ ಕಥೆ. ಒಳಕ್ಕೆ ಅನ್ನಲು ‘ಬ’ ಅಥವಾ ‘ಬೆ’, ಲಂಡನ್‌ಗೆ ‘ಲೊಂಡೊನ್‌ಬ’. ಆದರೆ ಬುಡಾಪೆಸ್ಟ್‌ಗೆ ‘ಬುಡಾಪೆಶ್ಟ್‌ರೆ’, ಅಂದರೆ ಮೇಲಕ್ಕೆ ಹೋಗುವ ವಿಭಕ್ತಿ. ಹಂಗೇರಿಯ ಬಹುಪಾಲು ಊರುಗಳು ಹೀಗೇ, ಡೆಬ್ರೆಸೆನ್‌ನಂಥ ಕೆಲವು ಮಾತ್ರ ‘ಬೆ’ ಕಡೆ. ಲಿಥುವೇನಿಯನ್ ಕಲಿಯುವವರಿಗೂ ಒಂದು ಮಾತು: ಕಾಡಿನೊಳಕ್ಕೆ ಅನ್ನಲು ‘ಮಿಶ್ಕನ್’ ಎಂಬ ಇಲ್ಲೇಟಿವ್ ರೂಪ ಕಣ್ಣಿಗೆ ಬಿದ್ದರೆ ಅದು ಅಚ್ಚಿನ ತಪ್ಪಲ್ಲ. ಇವತ್ತಿನ ಶಿಷ್ಟ ಭಾಷೆಯಲ್ಲಿ ‘ಈ ಮಿಶ್ಕಾ’ ಅಂತ ಎರಡು ಪದಗಳಲ್ಲಿ ಹೇಳುವುದೇ ರೂಢಿ, ನೀವೂ ಅದನ್ನೇ ಬಳಸಿ.